ರೋಗಿಯ ರಕ್ತದಿಂದ ನರಕೋಶ: ಸ್ಟೆಮ್ ಸೆಲ್ ಮತ್ತು ಮನೋರೋಗ ಸಂಶೋಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಮಾನಸಿಕ ಕಾಯಿಲೆ ಇದ್ದು, ಆಸ್ಪತ್ರೆಯಲ್ಲಿ ‘ಸಂಶೋಧನೆಗೆ ಸ್ವಲ್ಪ ರಕ್ತ ಕೊಡ್ತೀರಾ?’ ಅಂತ ಕೇಳಿಸಿಕೊಂಡವರಿದ್ದಾರೆ. ‘ಲ್ಯಾಬಿನಲ್ಲಿ ಬೆಳೆದ ಮಿದುಳು’ ಎಂಬ ಸುದ್ದಿ ಓದಿ ಗಾಬರಿಯಾದವರಿದ್ದಾರೆ. ಸ್ಟೆಮ್ ಸೆಲ್ ಹಾಕಿಸಿದರೆ ಮಗು ಸರಿಹೋಗುತ್ತದೆಂಬ ಜಾಹೀರಾತು ನೋಡಿ ಆಸೆಪಟ್ಟವರೂ ಇದ್ದಾರೆ. ಈ ಪ್ರಶ್ನೆಗಳು ಅವರೆಲ್ಲರದು.

ಸ್ಟೆಮ್ ಸೆಲ್ ಹಾಕಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ವಾಸಿ ಮಾಡುತ್ತಾರಾ?

ಇಲ್ಲ. ಇಲ್ಲದ ಧ್ವನಿ ಕೇಳಿಸುವ, ಸಂಶಯ ಕಾಡುವ ಸ್ಕಿಜೋಫ್ರೇನಿಯಾಕ್ಕೂ, ಉನ್ಮಾದ ಮತ್ತು ಖಿನ್ನತೆಯ ನಡುವೆ ತೂಗಾಡಿಸುವ ಬೈಪೋಲಾರ್‌ಗೂ ಅಂಥ ಚಿಕಿತ್ಸೆ ಇಲ್ಲ. ಇಲ್ಲಿ ಹೇಳುತ್ತಿರುವ ಸಂಶೋಧನೆಯಲ್ಲಿ ಯಾರ ಮೈಗೂ ಏನನ್ನೂ ಚುಚ್ಚುವುದಿಲ್ಲ. ಕೋಶ ಹೋಗುವುದು ಒಂದೇ ದಿಕ್ಕಿಗೆ, ರೋಗಿಯ ಮೈಯಿಂದ ಲ್ಯಾಬಿಗೆ. ಅಲ್ಲಿ ಅದನ್ನು ಸ್ಟೆಮ್ ಸೆಲ್ (ಕಾಂಡಕೋಶ) ಮಾಡಿ, ಅದರಿಂದ ನರಕೋಶ ಬೆಳೆಸಿ, ಕಾಯಿಲೆ ಹೇಗೆ ಶುರುವಾಗುತ್ತದೆ, ಯಾವ ಔಷಧಿ ಏನು ಮಾಡುತ್ತದೆ ಎಂದು ನೋಡುತ್ತಾರೆ. ಕಾಯಿಲೆಯನ್ನು ಅರಿಯುವ ಕೆಲಸ ಇದು. ಚಿಕಿತ್ಸೆ ಮುಂದೆಂದೋ ಈ ಅರಿವಿನಿಂದ ಹುಟ್ಟಬಹುದು. ಈಗಲೇ ಇದೆ ಅಂತ ಯಾರಾದರೂ ಹೇಳಿದರೆ ಕೆಳಗೆ ಆಟಿಸಂ ಬಗ್ಗೆ ಇರುವ ಉತ್ತರ ಓದಿ.

ಕಾಯಿಲೆ ಮಿದುಳಿನದು. ರಕ್ತ ಯಾಕೆ ತಗೋತಾರೆ?

ಲಿವರ್ ಕಾಯಿಲೆಯಾದರೆ ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮನೋರೋಗ ಅಂತ ಹೇಳಿ ಬದುಕಿರುವವರ ಮಿದುಳಿನ ಚೂರು ತೆಗೆಯಲು ಆಗುವುದಿಲ್ಲ, ತೆಗೆಯಲೂಬಾರದು. ಹಾಗಾಗಿ ಮನೋವೈದ್ಯಶಾಸ್ತ್ರ ನೂರು ವರ್ಷಕ್ಕೂ ಹೆಚ್ಚು ಕಾಲ, ತಾನು ಚಿಕಿತ್ಸೆ ಕೊಡುತ್ತಿರುವ ಅಂಗವನ್ನು ಮುಟ್ಟಿ ನೋಡದೆಯೇ ನಡೆದುಬಂದಿದೆ.

ತೀರಿಕೊಂಡವರ ಮಿದುಳು ಸಿಗುತ್ತದೆ. ನಿಮ್ಹಾನ್ಸ್‌ನಲ್ಲಿ 1995ರಿಂದಲೂ ಬ್ರೈನ್ ಬ್ಯಾಂಕ್ ಇದೆ; ಮನೆಯವರು ದಾನ ಮಾಡಿದ ಮಿದುಳುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಆದರೆ ಅದರಲ್ಲಿ ಕಾಣುವುದು ಕಥೆಯ ಕೊನೆ. ಇಪ್ಪತ್ತನೇ ವಯಸ್ಸಿಗೆ ಕಾಣಿಸಿಕೊಂಡ ಕಾಯಿಲೆ, ನಲವತ್ತು ವರ್ಷ ನುಂಗಿದ ಮಾತ್ರೆ, ಸೇದಿದ ಬೀಡಿ, ಮುಪ್ಪು ಎಲ್ಲವೂ ಒಂದರ ಮೇಲೊಂದು ಕೂತಿರುತ್ತವೆ. ಮೊದಲು ಏನು ಕೆಟ್ಟಿತು ಎಂದು ಹೇಳುವುದು ಕಷ್ಟ.

ಇಲಿ ಇದೆಯಲ್ಲ ಅಂದರೆ, ಇಲಿಯಿಂದ ಕಲಿತದ್ದು ಬಹಳ ಇದೆ, ನಿಜ. ಆದರೆ ಇಲಿಗೆ ಯಾರೋ ತನ್ನ ಬಗ್ಗೆ ಪಿಸುಗುಟ್ಟುತ್ತಿದ್ದಾರೆ ಅನ್ನಿಸುತ್ತಿದೆಯೇ ಎಂದು ಕೇಳುವವರು ಯಾರು? ರೋಗಿಯದೇ ಜೀನ್‌ಗಳಿರುವ, ಜೀವಂತ ನರಕೋಶ ಬೇಕಿತ್ತು. ರಕ್ತದ ದಾರಿ ಹುಡುಕಿದ್ದು ಅದಕ್ಕೆ.

ರಕ್ತದ ಕೋಶ ನರಕೋಶ ಆಗುವುದಾದರೂ ಹೇಗೆ?

ನಿಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಚರ್ಮದ ಕೋಶ ಚರ್ಮವಾಗಿರುವುದು, ನರಕೋಶ ನರಕೋಶವಾಗಿರುವುದು ಅದರಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂಬುದರ ಮೇಲೆ. ಒಮ್ಮೆ ಚರ್ಮವಾದ ಕೋಶ ಹಿಂದಕ್ಕೆ ಹೋಗಲಾರದು ಎಂದೇ ಬಹುಕಾಲ ನಂಬಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್, ಗೊದಮೊಟ್ಟೆಯ ಕರುಳಿನ ಕೋಶದ ನ್ಯೂಕ್ಲಿಯಸ್ಸನ್ನು (ಡಿಎನ್‌ಎ ಇರುವ ಕೇಂದ್ರ) ಕಪ್ಪೆಯ ಮೊಟ್ಟೆಯೊಳಗಿಟ್ಟು ಹೊಸ ಗೊದಮೊಟ್ಟೆ ಪಡೆದು ಆ ನಂಬಿಕೆಯನ್ನು ಅಲುಗಾಡಿಸಿದರು. 2006ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶಿನ್ಯಾ ಯಮನಾಕಾ ಮತ್ತು ಕಝುತೋಶಿ ತಕಹಾಶಿ 24 ಜೀನ್‌ಗಳ ಪಟ್ಟಿ ಇಟ್ಟುಕೊಂಡು, ಒಂದೊಂದನ್ನೇ ಕೈಬಿಡುತ್ತಾ ಹೋಗಿ, ಕೊನೆಗೆ ನಾಲ್ಕೇ ಸಾಕು ಎಂದು ತೋರಿಸಿದರು. ಆ ನಾಲ್ಕನ್ನು ಇಲಿಯ ಚರ್ಮದ ಕೋಶಕ್ಕೆ ಸೇರಿಸಿದರೆ ಅದು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳುತ್ತದೆ, ಅಲ್ಲಿಂದ ಬೇಕಾದ ಕೋಶವಾಗಬಲ್ಲದು. ಮರುವರ್ಷವೇ ಮನುಷ್ಯರ ಕೋಶದಲ್ಲೂ ಆಯಿತು. ಹೀಗೆ ಮಾಡಿದ ಸ್ಟೆಮ್ ಸೆಲ್‌ಗೆ ಐಪಿಎಸ್ ಕೋಶ ಎನ್ನುತ್ತಾರೆ. 2012ರ ನೊಬೆಲ್ ಗರ್ಡನ್ ಮತ್ತು ಯಮನಾಕಾ ಇಬ್ಬರಿಗೂ ಬಂತು.

ಈಗ ಲ್ಯಾಬಿನೊಳಗೆ ಬನ್ನಿ. ರಕ್ತದ ಬಿಳಿಕೋಶಗಳನ್ನು ಬೇರ್ಪಡಿಸಿ, ಆ ಜೀನ್‌ಗಳನ್ನು ನಿರಪಾಯಕಾರಿ ವೈರಸ್ ಮೂಲಕವೋ, ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟೋ ಒಳಗೆ ಕಳಿಸುತ್ತಾರೆ. ಬಹುಪಾಲು ಕೋಶಗಳು ಬದಲಾಗುವುದೇ ಇಲ್ಲ. ಮೂರು ವಾರದ ಹೊತ್ತಿಗೆ ಪ್ಲೇಟಿನ ತಳದಲ್ಲಿ ಅಲ್ಲೊಂದು ಇಲ್ಲೊಂದು ಚಪ್ಪಟೆ ಗುಂಪು ಕಾಣುತ್ತದೆ. ಅಂಚು ಕೊರೆದಂತೆ ಸ್ಪಷ್ಟ, ಒಳಗೆ ಕೋಶಗಳು ಒತ್ತೊತ್ತಾಗಿ. ಮೈಕ್ರೋಸ್ಕೋಪಿನಡಿ ಸೂಜಿಯ ಮೊನೆಯಲ್ಲಿ ಒಂದೊಂದು ಗುಂಪನ್ನು ಕೆರೆದು ಬೇರೆ ಪ್ಲೇಟಿಗೆ ದಾಟಿಸಬೇಕು. ಕೋಶಗಳ ಆಹಾರವಾದ ಗುಲಾಬಿ ಬಣ್ಣದ ದ್ರವವನ್ನು ದಿನಾ ಬದಲಿಸಬೇಕು; ಅದು ಹಳದಿಗೆ ತಿರುಗಿತೆಂದರೆ ಕೋಶಗಳು ಬಿಟ್ಟ ಆಮ್ಲ ಹೆಚ್ಚಾಗಿದೆ, ಅಥವಾ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಭಾನುವಾರವಿರಲಿ, ದೀಪಾವಳಿಯಿರಲಿ, ಯಾರಾದರೊಬ್ಬ ಪಿಎಚ್‌ಡಿ ವಿದ್ಯಾರ್ಥಿ ಹೋಗಲೇಬೇಕು. ಈ ಕ್ಷೇತ್ರದ ಪ್ರಬಂಧಗಳಲ್ಲಿ ಎಲ್ಲೂ ಬರೆದಿರದ ವಿಷಯ ಇದು!

ಆಮೇಲೆ ಕ್ರೋಮೋಸೋಮ್ ಎಣಿಸಿ, ಎಡವಟ್ಟೇನೂ ಆಗಿಲ್ಲವೆಂದು ಖಚಿತಪಡಿಸಿಕೊಂಡು, ಒಂದಷ್ಟನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಯ್ದಿಡುತ್ತಾರೆ. ಉಳಿದವನ್ನು ನರಕೋಶದ ದಾರಿಗೆ ತಿರುಗಿಸಲು, ಬೇರೆ ಅಂಗವಾಗು ಎನ್ನುವ ರಾಸಾಯನಿಕ ಸಂಕೇತಗಳಿಗೆ ತಡೆ ಹಾಕುತ್ತಾರೆ. ಕೋಶಗಳು ಹೂದಳದಂತೆ ಸುತ್ತಲೂ ಜೋಡಿಸಿಕೊಳ್ಳುತ್ತವೆ. ಗರ್ಭದಲ್ಲಿ ಮಿದುಳಿನ ಕೊಳವೆ ರೂಪುಗೊಳ್ಳುವಾಗಿನ ನೋಟವೇ ಇದು. ಅಲ್ಲಿಂದ ಕವಲು ಚಾಚಿದ, ಒಂದಕ್ಕೊಂದು ಸಂದೇಶ ಕಳಿಸುವ ನರಕೋಶ ಸಿಗಲು ಇನ್ನೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಇದಕ್ಕೆ ಭ್ರೂಣ ಬಳಸುತ್ತಾರಾ?

ಇಲ್ಲ. ದೊಡ್ಡವರ ರಕ್ತ ಅಥವಾ ಚರ್ಮವೇ ಸಾಕು. ಭ್ರೂಣದಿಂದ ತೆಗೆದ ಸ್ಟೆಮ್ ಸೆಲ್ (ಮನುಷ್ಯರಲ್ಲಿ 1998ರಲ್ಲಿ ಮೊದಲು ಸಾಧ್ಯವಾದದ್ದು) ಬೇರೆ.

ಪ್ಲೇಟಿನಲ್ಲಿರುವ ನರಕೋಶಕ್ಕೂ ಧ್ವನಿ ಕೇಳಿಸುತ್ತಾ? ಅಲ್ಲಿ ಕಾಯಿಲೆ ಹೇಗೆ ಕಾಣುತ್ತೆ?

ಕೇಳಿಸುವುದಿಲ್ಲ. ಧ್ವನಿ ಕೇಳುವುದು, ಸಂಶಯ ಪಡುವುದು, ಮೂರು ರಾತ್ರಿ ನಿದ್ದೆಯಿಲ್ಲದೆ ಅಂಗಡಿ ಅಂಗಡಿ ತಿರುಗಿ ದುಡ್ಡು ಚೆಲ್ಲುವುದು ಮನುಷ್ಯ ಮಾಡುವ ಕೆಲಸ, ಕೋಶ ಮಾಡುವುದಲ್ಲ. ಆದರೆ ಮನುಷ್ಯ ಹಾಗಾಗುವ ಮೊದಲು ಕೋಶದಲ್ಲಿ ಏನೋ ಬೇರೆಯಾಗಿರಬಹುದು. ಅದನ್ನು ಅಳೆಯಬಹುದು. ನರಕೋಶ ಎಷ್ಟು ಕವಲು ಬಿಟ್ಟಿದೆ, ಪಕ್ಕದ ಕೋಶದೊಂದಿಗೆ ಎಷ್ಟು ಸಿನಾಪ್ಸ್ (ಸಂದೇಶ ದಾಟುವ ಸಂಧಿ) ಕಟ್ಟಿಕೊಂಡಿದೆ, ಗಾಜಿನ ಸಣ್ಣ ನಳಿಗೆ ತಾಗಿಸಿದರೆ ಎಷ್ಟು ಬೇಗ ವಿದ್ಯುತ್ ಮಿಡಿತ ಹೊಮ್ಮಿಸುತ್ತದೆ ಎಂಬುದನ್ನೆಲ್ಲ ಎಣಿಸಿ ಹೇಳಬಹುದು.

2011ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಕ್ರಿಸ್ಟೆನ್ ಬ್ರೆನ್ನಾಂಡ್, ಫ್ರೆಡ್ ಗೇಜ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇದ್ದ ನಾಲ್ವರ ಚರ್ಮದಿಂದ ನರಕೋಶ ಬೆಳೆಸಿದರು. ಆರೋಗ್ಯವಂತರ ಕೋಶಗಳಿಗೆ ಹೋಲಿಸಿದರೆ ಅವುಗಳ ನಡುವೆ ಸಂಪರ್ಕ ಕಡಿಮೆಯಿತ್ತು, ಲೊಕ್ಸಾಪಿನ್ ಎಂಬ ಔಷಧಿ ಹಾಕಿದಾಗ ಸ್ವಲ್ಪ ಸುಧಾರಿಸಿತು. 2019ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಬೆಳೆಯುವ ವಯಸ್ಸಿನಲ್ಲಿ ಬೇಡದ ಸಿನಾಪ್ಸ್‌ಗಳನ್ನು ಕತ್ತರಿಸುವ ಕೆಲಸ ಮಿದುಳಿನ ಮೈಕ್ರೋಗ್ಲಿಯಾ ಕೋಶಗಳದ್ದು. ರೋಗಿಗಳ ರಕ್ತದಿಂದ ಮಾಡಿದ ಅಂಥ ಕೋಶಗಳು ಅಗತ್ಯಕ್ಕಿಂತ ಹೆಚ್ಚು ಸಿನಾಪ್ಸ್ ನುಂಗುತ್ತಿದ್ದವು. ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲೇ ಯಾಕೆ ತಲೆಯೆತ್ತುತ್ತದೆ ಎಂಬ ಹಳೇ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ.

ನಮ್ಮಣ್ಣನಿಗೆ ಲಿಥಿಯಂ ಚೆನ್ನಾಗಿ ಹಿಡಿಸಿತು, ಪಕ್ಕದ ಬೆಡ್‌ನವರಿಗೆ ಏನೂ ಆಗಲಿಲ್ಲ. ಇದನ್ನೂ ಲ್ಯಾಬಿನಲ್ಲಿ ನೋಡಬಹುದಾ?

ನೋಡಿದ್ದಾರೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಕೆಲಸವೂ ಇದೇ.

ಲಿಥಿಯಂ ಒಂದು ಸಾಧಾರಣ ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಅದು ಕೆಲಸ ಮಾಡುತ್ತದೆಂದು ಬರೆದರು. ಇಂದಿಗೂ ಬೈಪೋಲಾರ್ ಕಾಯಿಲೆಗೆ ಅದನ್ನು ಮೀರಿಸುವ ಔಷಧಿ ಕಡಿಮೆ. ತೊಂದರೆ ಎರಡು: ಎಲ್ಲರಿಗೂ ಹಿಡಿಸುವುದಿಲ್ಲ, ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಬಹಳ ಚೆನ್ನಾಗಿ ಹಿಡಿಸುತ್ತದೆ, ಹಿಡಿಸುತ್ತದೋ ಇಲ್ಲವೋ ತಿಳಿಯಲು ತಿಂಗಳುಗಟ್ಟಲೆ ಕೊಟ್ಟೇ ನೋಡಬೇಕು. ಅಷ್ಟು ದಿನ ರಕ್ತದಲ್ಲಿ ಲಿಥಿಯಂ ಮಟ್ಟ, ಥೈರಾಯಿಡ್, ಕಿಡ್ನಿ ಎಲ್ಲದರ ಮೇಲೂ ಕಣ್ಣಿಡಬೇಕು.

2015ರಲ್ಲಿ ಗೇಜ್ ಅವರದೇ ಗುಂಪು ಬೈಪೋಲಾರ್ ಇರುವವರ ಕೋಶಗಳಿಂದ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಹೋಲುವಂಥವನ್ನು ಬೆಳೆಸಿತು. ರೋಗಿಗಳ ಕೋಶಗಳು ಅತಿಯಾಗಿ ಮಿಡಿಯುತ್ತಿದ್ದವು. ಲಿಥಿಯಂ ಹಾಕಿದಾಗ, ಆಸ್ಪತ್ರೆಯಲ್ಲಿ ಲಿಥಿಯಂ ಹಿಡಿಸಿದ್ದವರ ಕೋಶಗಳು ಮಾತ್ರ ಶಾಂತವಾದವು. ಹಿಡಿಸದವರ ಕೋಶಗಳು ಹಾಗೆಯೇ ಮಿಡಿಯುತ್ತಿದ್ದವು. ವಾರ್ಡಿನಲ್ಲಿ ಕಂಡದ್ದೇ ಪ್ಲೇಟಿನಲ್ಲೂ ಕಂಡಿತು. ನೋಡಿದ್ದು ಬೆರಳೆಣಿಕೆಯ ರೋಗಿಗಳನ್ನು, ಹಾಗಾಗಿ ಇದರ ಮೇಲೆ ಯಾವ ಆಸ್ಪತ್ರೆಯೂ ಇನ್ನೂ ಪರೀಕ್ಷೆ ಮಾಡಿಕೊಡುವುದಿಲ್ಲ. ಆದರೂ ‘ಕೊಟ್ಟು ನೋಡೋಣ’ ಎನ್ನುವ ಕಡೆ ‘ನೋಡಿ ಕೊಡೋಣ’ ಎನ್ನುವ ದಿನ ಬರುವುದಿದ್ದರೆ ಈ ದಾರಿಯಲ್ಲೇ ಬಂದೀತು. ಲಿಥಿಯಂ ಕೋಶದೊಳಗೆ ಇನೋಸಿಟಾಲ್ ಮೊನೊಫಾಸ್ಫಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಅದರಿಂದ ಮುಂದೇನಾಗುತ್ತದೆ ಎಂದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ರಘು ಪಡಿಂಜತ್ ಅವರ ಲ್ಯಾಬ್ ಕೂಡ ಮಾನವ ಕೋಶಗಳಲ್ಲಿ ಹುಡುಕುತ್ತಿದೆ.

ಬೆಂಗಳೂರಿನಲ್ಲಿ ಇದು ಎಲ್ಲಿ ನಡೆಯುತ್ತೆ? ಒಂದೇ ಮನೆಯ ಹಲವರನ್ನು ಯಾಕೆ ಕರೆಯುತ್ತಾರೆ?

ಹೊಸೂರು ರಸ್ತೆಯ ನಿಮ್ಹಾನ್ಸ್, ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಸ್ಟೆಮ್ ಸೆಲ್ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಕೂಡಿ, ಸ್ಟೆಮ್ ಸೆಲ್ ಬಳಸಿ ಮಿದುಳಿನ ಕಾಯಿಲೆಗಳನ್ನು ಅರಿಯುವ ಎಡಿಬಿಎಸ್ ಎಂಬ ಯೋಜನೆ ನಡೆಸಿದವು. ದುಡ್ಡು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಪ್ರತೀಕ್ಷಾ ಟ್ರಸ್ಟ್‌ನದು. ಆರಿಸಿಕೊಂಡ ಕಾಯಿಲೆಗಳು ಐದು: ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು ಕಾಯಿಲೆ (ಒಸಿಡಿ), ವ್ಯಸನ ಮತ್ತು ಮರೆವಿನ ಕಾಯಿಲೆ ಡಿಮೆನ್ಷಿಯಾ. ಆಮೇಲೆ ರೋಹಿಣಿ ನಿಲೇಕಣಿ ಅವರ ದತ್ತಿಯ ನೆರವಿನಿಂದ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಜಂಟಿಯಾಗಿ ಮಿದುಳು ಮತ್ತು ಮನಸ್ಸಿನ ಕೇಂದ್ರವೊಂದನ್ನು ಕಟ್ಟಿ ಈ ಕೆಲಸ ಮುಂದುವರಿಸಿವೆ. ರೋಗಿಯನ್ನು ಬಲ್ಲ ವೈದ್ಯರು ಊರಿನ ಒಂದು ಕಡೆ, ಕೋಶವನ್ನು ಬಲ್ಲ ವಿಜ್ಞಾನಿಗಳು ಇನ್ನೊಂದು ಕಡೆ, ನಡುವೆ ಹೆಬ್ಬಾಳದ ಟ್ರಾಫಿಕ್. ಇಬ್ಬರನ್ನೂ ಒಂದೇ ಮೇಜಿಗೆ ತಂದದ್ದೇ ಈ ಯೋಜನೆಯ ದೊಡ್ಡ ಸಾಧನೆ ಅಂತ ನನ್ನ ಲೆಕ್ಕ.

ಅವರು ಹುಡುಕಿದ್ದು ಒಬ್ಬರಿಗಿಂತ ಹೆಚ್ಚು ಹತ್ತಿರದ ಸಂಬಂಧಿಕರಿಗೆ ಇಂಥ ಕಾಯಿಲೆ ಇರುವ ಮನೆಗಳನ್ನು. ನಮ್ಮಲ್ಲಿ ಅಣ್ಣತಮ್ಮಂದಿರು, ಅತ್ತೆ, ಸೋದರಮಾವ ಎಲ್ಲರೂ ಒಂದೇ ಫೈಲಿನೊಂದಿಗೆ ಓಪಿಡಿಗೆ ಬರುವುದು ಮಾಮೂಲು. ಪಾಶ್ಚಾತ್ಯ ದೇಶಗಳ ಸಂಶೋಧಕರಿಗೆ ಇದು ಅಷ್ಟು ಸುಲಭವಲ್ಲ. ಅಂಥ ಮನೆಯಲ್ಲಿ ಅಣ್ಣನಿಗೆ ಬೈಪೋಲಾರ್, ತಂಗಿಗೆ ಒಸಿಡಿ, ಚಿಕ್ಕಪ್ಪನಿಗೆ ಕುಡಿತ ಇರಬಹುದು. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿರುವ ಕಾಯಿಲೆಗಳು ಒಂದೇ ಛಾವಣಿಯಡಿ ಇರುತ್ತವೆ. ಅವುಗಳಿಗೆ ಬೇರು ಒಂದೇ ಇದೆಯೇ ಎಂದು ನೋಡುವ ಅವಕಾಶ ಇಲ್ಲಿದೆ. ರಕ್ತದ ಜೊತೆಗೆ ಮಿದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ, ವರ್ಷಗಳ ನಂತರ ಮತ್ತೆ ಭೇಟಿ ಇವೂ ಇರುತ್ತವೆ.

ನನಗೆ ಕಾಯಿಲೆ ಇಲ್ಲ. ನನ್ನ ರಕ್ತವೂ ಯಾಕೆ ಬೇಕು?

ಹೋಲಿಸಿ ನೋಡಲು. ಇಬ್ಬರು ಅಪರಿಚಿತರ ಕೋಶಗಳಲ್ಲಿ ಕಾಯಿಲೆಗೆ ಸಂಬಂಧವೇ ಇಲ್ಲದ ಲಕ್ಷಗಟ್ಟಲೆ ವ್ಯತ್ಯಾಸ ಇರುತ್ತವೆ. ಒಡಹುಟ್ಟಿದವರ ಡಿಎನ್‌ಎ ಸರಾಸರಿ ಅರ್ಧದಷ್ಟು ಹಂಚಿಕೊಂಡದ್ದು, ಹಾಗಾಗಿ ಸಂಬಂಧವಿಲ್ಲದ ವ್ಯತ್ಯಾಸಗಳ ಗದ್ದಲ ಕಡಿಮೆ. ಅದೇ ಮನೆಯಲ್ಲಿ ಬೆಳೆದು ನೀವು ಹೇಗೆ ತಪ್ಪಿಸಿಕೊಂಡಿರಿ ಎಂಬುದೂ ‘ಅವರಿಗೇಕೆ ಬಂತು’ ಎನ್ನುವಷ್ಟೇ ಮುಖ್ಯ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯ.

ಹಾಗಾದರೆ ಇದು ವಂಶದಲ್ಲಿ ಬರುವ ಕಾಯಿಲೆಯೇ? ಮಗಳ ಮದುವೆಗೆ ತೊಂದರೆಯಾಗುತ್ತಾ?

ವಂಶದ ಪಾಲು ಇದೆ. ಆದರೆ ಹಣೆಬರಹವಲ್ಲ. ಜೀವಮಾನದಲ್ಲಿ ಸ್ಕಿಜೋಫ್ರೇನಿಯಾ ಬರುವುದು ಸುಮಾರು ನೂರರಲ್ಲಿ ಒಬ್ಬರಿಗೆ. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಸಂಭವ ಹತ್ತರಲ್ಲಿ ಒಂದರ ಆಸುಪಾಸು. ಹತ್ತರಲ್ಲಿ ಒಂಬತ್ತು ಪಾಲು ಬರುವುದಿಲ್ಲ ಎಂದೂ ಇದನ್ನು ಓದಿಕೊಳ್ಳಿ. ಡಿಎನ್‌ಎ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚುಕಡಿಮೆ ಅರ್ಧದಷ್ಟು ಸಲ ಮಾತ್ರ.

ಕಾರಣವಾದ ‘ಆ ಒಂದು ಜೀನ್’ ಎಂಬುದಿಲ್ಲ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಡಿಎನ್‌ಎಯ 287 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲೂ ಅತಿ ಸಣ್ಣದು. ಆದ್ದರಿಂದ ರಕ್ತಪರೀಕ್ಷೆ ಮಾಡಿ ‘ಈ ಹುಡುಗಿಗೆ ಬರುತ್ತದೆ, ಬರುವುದಿಲ್ಲ’ ಎಂದು ಬರೆದುಕೊಡಲು ಯಾರಿಂದಲೂ ಆಗದು. ಬೀಗರು ಅಂಥ ಸರ್ಟಿಫಿಕೇಟ್ ಕೇಳಿದರೆ, ಮಾರಲು ಬಂದ ಕಂಪನಿಯಿದ್ದರೂ ಕೊಳ್ಳಬೇಡಿ.

‘ಮಿನಿ ಮಿದುಳು’ ಯೋಚನೆ ಮಾಡುತ್ತಾ?

ಇಲ್ಲ. ಸ್ಟೆಮ್ ಸೆಲ್‌ನಿಂದ ಬೆಳೆಸುವ, ಆರ್ಗನಾಯ್ಡ್ ಎನ್ನುವ ಈ ನರಕೋಶಗಳ ಉಂಡೆಯನ್ನು 2013ರಲ್ಲಿ ವಿಯೆನ್ನಾದಲ್ಲಿ ಮ್ಯಾಡೆಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ಕ್ನೋಬ್ಲಿಶ್ ಬೆಳೆಸಿ ತೋರಿಸಿದರು. ಸುಮಾರು ನಾಲ್ಕು ಮಿಲಿಮೀಟರ್ ಅಗಲ, ಕಡಲೆಕಾಳಿಗಿಂತ ಚಿಕ್ಕದು. ಪ್ಲೇಟಿನಲ್ಲಿ ಹರಡಿ ಬೆಳೆಯುವ ಬದಲು ದ್ರವದಲ್ಲಿ ತೇಲುತ್ತಾ ಬೆಳೆದಾಗ ಕೋಶಗಳು ತಾವೇ ಪದರ ಕಟ್ಟಿಕೊಳ್ಳುತ್ತವೆ. ಕಣ್ಣು ಕಿವಿಯಿಂದ ಬರುವ ಸುದ್ದಿಯಿಲ್ಲ, ದೇಹವಿಲ್ಲ, ರಕ್ತನಾಳವಿಲ್ಲ. ದೊಡ್ಡದಾದರೆ ಆಮ್ಲಜನಕ ಸಾಲದೆ ಒಳಗಿನ ಕೋಶಗಳು ಸಾಯುತ್ತವೆ.

ಆದರೂ ಪ್ರಯೋಜನ ಸಣ್ಣದಲ್ಲ. ಬ್ರೆಜಿಲ್‌ನಲ್ಲಿ ಝೀಕಾ ಜ್ವರ ಹರಡಿ ಚಿಕ್ಕ ತಲೆಯ ಮಕ್ಕಳು ಹುಟ್ಟತೊಡಗಿದಾಗ, ವೈರಸ್ ಭ್ರೂಣದ ಮಿದುಳಿನ ಎಳೆಯ ಕೋಶಗಳನ್ನೇ ಕೊಲ್ಲುತ್ತದೆಂದು 2016ರಲ್ಲಿ ತೋರಿಸಿಕೊಟ್ಟಿದ್ದು ಇಂಥ ಉಂಡೆಗಳೇ. ಸ್ಟ್ಯಾನ್‌ಫರ್ಡ್‌ನ ಸೆರ್ಜು ಪಾಷ್ಕಾ ಅವರದು ಇನ್ನೂ ದೂರ ಹೋದ ಕೆಲಸ. ಟಿಮೋತಿ ಸಿಂಡ್ರೋಮ್ ಎಂಬುದು ಬಲು ಅಪರೂಪದ ಕಾಯಿಲೆ. ಒಂದೇ ಜೀನಿನ ದೋಷದಿಂದ ಹೃದಯದ ಲಯ ತಪ್ಪುತ್ತದೆ, ಜೊತೆಗೆ ಆಟಿಸಂ ಲಕ್ಷಣ. ಮಿದುಳಿನ ಎರಡು ಭಾಗಗಳನ್ನು ಹೋಲುವ ಉಂಡೆಗಳನ್ನು ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ವಲಸೆ ಹೋಗುವ ಕೋಶಗಳು ಈ ಕಾಯಿಲೆಯಲ್ಲಿ ದಾರಿಯಲ್ಲೇ ಹಿಂದೆ ಬೀಳುತ್ತವೆಂದು ಅವರು ಕಂಡರು. 2024ರಲ್ಲಿ, ರೋಗಿಗಳ ಆರ್ಗನಾಯ್ಡ್ ಅನ್ನು ಇಲಿಯ ಮಿದುಳಿನಲ್ಲಿ ನೆಟ್ಟು, ದೋಷವಿರುವ ಸಂದೇಶವನ್ನು ತಡೆಯುವ ಔಷಧಿ ಕೊಟ್ಟಾಗ ಕೋಶಗಳು ಸರಿದಾರಿಗೆ ಬಂದವು. ಕಾಯಿಲೆಯ ಹುಡುಕಾಟದಿಂದ ಔಷಧಿಯ ಬಾಗಿಲವರೆಗೆ ಸ್ಟೆಮ್ ಸೆಲ್ ಹಿಡಿದೇ ಬಂದ ಉದಾಹರಣೆ ಇದು. ಇಲಿಯೊಳಗೆ ಮನುಷ್ಯರ ನರಕೋಶ ಎಷ್ಟು ಬೆಳೆಯಬಹುದು ಎಂಬ ನೈತಿಕ ಚರ್ಚೆಯೂ ಜೊತೆಗೇ ನಡೆದಿದೆ, ನಡೆಯಲೇಬೇಕು.

ಇದರ ಕೊರತೆ ಏನು?

ಮೊದಲನೆಯದು ವಯಸ್ಸು. ಎಪ್ಪತ್ತರ ಅಜ್ಜಿಯ ರಕ್ತ ತೆಗೆದು ಸ್ಟೆಮ್ ಸೆಲ್ ಮಾಡಿದರೆ ಅವರ ವಯಸ್ಸೂ ಅಳಿಸಿಹೋಗುತ್ತದೆ. ಅದರಿಂದ ಬೆಳೆದ ನರಕೋಶ ಗರ್ಭದ ಕೂಸಿನದರಷ್ಟು ಎಳೆಯದು. ಹುಟ್ಟಿಗೂ ಮೊದಲೇ ಬೇರು ಬಿಡುವ ಕಾಯಿಲೆಗೆ ಇದು ಅನುಕೂಲ, ಆದರೆ ಅಲ್‌ಝೈಮರ್‌ನಂಥ ಮುಪ್ಪಿನ ಕಾಯಿಲೆಗೆ ದೊಡ್ಡ ಅಡ್ಡಿ. ಸ್ಟೆಮ್ ಸೆಲ್ ಹಂತವನ್ನೇ ಬಿಟ್ಟು ಚರ್ಮದಿಂದ ನೇರವಾಗಿ ನರಕೋಶ ಮಾಡಿದರೆ ವಯಸ್ಸಿನ ಗುರುತು ಉಳಿಯುತ್ತದೆ; ಕೆಲವರು ಆ ದಾರಿ ಹಿಡಿದಿದ್ದಾರೆ.

ಎರಡನೆಯದು ಬದುಕು. ಬಾಲ್ಯದಲ್ಲಿ ತಿಂದ ಹೊಡೆತ, ಕಾಲೇಜಿನಲ್ಲಿ ಕಲಿತ ಗಾಂಜಾ, ಊರು ಬಿಟ್ಟ ಒಂಟಿತನ ಯಾವುದೂ ಪ್ಲೇಟಿನಲ್ಲಿಲ್ಲ. ಅವು ಕೋಶದ ಮೇಲೆ ಬಿಟ್ಟ ಗುರುತುಗಳೂ ಬಹುಪಾಲು ಅಳಿಸಿರುತ್ತವೆ. ಕೋಶವೇ ಎಲ್ಲ ಹೇಳುತ್ತದೆಂದು ನಂಬಿದರೆ ಮನೋವೈದ್ಯಶಾಸ್ತ್ರ ಅರ್ಧ ಕಣ್ಣು ಮುಚ್ಚಿಕೊಂಡಂತೆಯೇ.

ಮೂರನೆಯದು, ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಸಿಗದೇ ಹೋಗುವುದು. ಕೋಶ ಬೆಳೆಸುವುದು ದುಬಾರಿಯಾದ್ದರಿಂದ ಹೆಚ್ಚಿನ ಅಧ್ಯಯನಗಳಲ್ಲಿ ರೋಗಿಗಳು ಕಡಿಮೆ. ಪತ್ರಿಕೆಯಲ್ಲಿ ‘ಪತ್ತೆ’ ಎಂದು ಓದಿದಾಗ ಎಷ್ಟು ಜನರ ಕೋಶ ನೋಡಿದರು ಎಂದು ಕೇಳುವ ಅಭ್ಯಾಸ ಒಳ್ಳೆಯದು.

ರಕ್ತ ಕೊಡುವ ಮುಂಚೆ ಏನೇನು ಕೇಳಬೇಕು?

ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಓದಲು ಸಮಯ ಕೇಳಿ. ಇಲ್ಲ ಎಂದರೆ ಚಿಕಿತ್ಸೆಗೆ ತೊಂದರೆಯಾಗಬಾರದು, ನಡುವೆ ಹಿಂದೆ ಸರಿಯುವ ಹಕ್ಕೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆ ಇರುವವರ ಮೇಲಿನ ಸಂಶೋಧನೆಗೆ ಅವರದೇ ತಿಳಿದ ಒಪ್ಪಿಗೆ ಬೇಕು. ‘ನಾನು ಅವನ ಅಪ್ಪ, ಸಹಿ ಹಾಕ್ತೀನಿ ಬಿಡಿ’ ಎಂದರೆ ಸಾಲದು.

ಮುಖ್ಯವಾಗಿ ಕೇಳಬೇಕಾದದ್ದು ಕೋಶಗಳ ಆಯಸ್ಸಿನ ಬಗ್ಗೆ. ಐಪಿಎಸ್ ಕೋಶಗಳು ಕೊನೆಯಿಲ್ಲದೆ ಹೆಚ್ಚಬಲ್ಲವು; ನಿಮ್ಮ ನಂತರವೂ ಯಾವುದೋ ದೇಶದ ಫ್ರೀಜರಿನಲ್ಲಿ ಇದ್ದಾವು. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ ಹೇಳದೆ ಕೇಳದೆ ತೆಗೆದ ಕೋಶಗಳು ಜಗತ್ತಿನ ಲ್ಯಾಬುಗಳಲ್ಲಿ ಇಂದಿಗೂ ಬೆಳೆಯುತ್ತಿವೆ, ಮನೆಯವರಿಗೆ ಗೊತ್ತಾದದ್ದು ದಶಕಗಳ ನಂತರ. ನಿಮ್ಮ ಕೋಶವನ್ನು ಯಾರ ಜೊತೆ ಹಂಚಿಕೊಳ್ಳುತ್ತಾರೆ, ಕಂಪನಿಗೆ ಕೊಡುತ್ತಾರೆಯೇ, ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆಯೇ ಎಂದು ನಿಸ್ಸಂಕೋಚವಾಗಿ ಕೇಳಿ. ‘ರಿಪೋರ್ಟ್ ಯಾವಾಗ ಬರುತ್ತೆ?’ ಎಂದೂ ಹಲವರು ಕೇಳುತ್ತಾರೆ. ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಿ ರಿಪೋರ್ಟ್ ಅಂತ ಬರುವುದಿಲ್ಲ.

ಆಟಿಸಂ ಮಗುವಿಗೆ ಸ್ಟೆಮ್ ಸೆಲ್ ಹಾಕುವ ಕ್ಲಿನಿಕ್‌ನವರು ಲಕ್ಷಗಟ್ಟಲೆ ದುಡ್ಡು ಕೇಳುತ್ತಿದ್ದಾರೆ. ಹಾಕಿಸಬಹುದಾ?

ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಮಾದರಿಯ ಕಸಿ ಬಿಟ್ಟರೆ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಹೊರಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ. ಟ್ರಯಲ್ ಆಗಿದ್ದರೆ ನಿಮ್ಮಿಂದ ದುಡ್ಡು ತಗೊಳ್ಳುವಂತಿಲ್ಲ. ದುಡ್ಡು ಕೇಳಿದರು ಎಂದರೆ ಅದು ವ್ಯಾಪಾರ. ಸೊಂಟಕ್ಕೆ ಸೂಜಿ ಹಾಕಿ ಬೆನ್ನುಹುರಿಯ ದ್ರವಕ್ಕೆ ಕೋಶ ಬಿಡುವಾಗ ಸೋಂಕಿನಂಥ ಅಪಾಯವೂ ಇದೆ. ಮೇಲೆ ಹೇಳಿದ ಸಂಶೋಧನೆಯ ಚಿತ್ರಗಳನ್ನೇ ಇಂಥವರು ತಮ್ಮ ಕರಪತ್ರದಲ್ಲಿ ಅಂಟಿಸಿಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಲಕ್ಷಗಳಲ್ಲಿ ಮಗುವಿಗೆ ವರ್ಷಗಟ್ಟಲೆ ಸ್ಪೀಚ್ ಥೆರಪಿ ಕೊಡಿಸಬಹುದು.

ಮತ್ತೆ ಪಾರ್ಕಿನ್ಸನ್‌ಗೆ ಕೋಶ ಹಾಕಿದರು ಅಂತ ಓದಿದೆವಲ್ಲ?

ಹೌದು, ಸರಿಯಾದ ಟ್ರಯಲ್‌ಗಳಲ್ಲಿ. ಕ್ಯೋಟೋದಲ್ಲಿ 2018ರಲ್ಲಿ ಶುರುವಾದ ಪ್ರಯೋಗದಲ್ಲಿ ಏಳು ಮಂದಿಯ ಮಿದುಳಿಗೆ ಐಪಿಎಸ್‌ನಿಂದ ಬೆಳೆಸಿದ ಕೋಶ ನೆಟ್ಟರು. 2025ರ ವರದಿ ಪ್ರಕಾರ ಗಂಭೀರ ತೊಂದರೆಯೇನೂ ಕಂಡಿಲ್ಲ, ಕೆಲವರಲ್ಲಿ ಚಲನೆ ಸುಧಾರಿಸಿದೆ. ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಒಂದು ಜಾಗದ ಒಂದು ಬಗೆಯ ಕೋಶಗಳು, ಡೋಪಮಿನ್ ತಯಾರಿಸುವಂಥವು, ಸಾಯುತ್ತವೆ. ಎಲ್ಲಿ ಏನು ನೆಡಬೇಕೆಂದು ಗೊತ್ತು. ಸ್ಕಿಜೋಫ್ರೇನಿಯಾದಲ್ಲಿ ಯಾವ ಕೋಶವನ್ನು ಎಲ್ಲಿ ನೆಡುತ್ತೀರಿ?

ಸಂಶೋಧನೆಗೆ ಸೇರಿದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ರಕ್ತ ಕೊಟ್ಟದ್ದಕ್ಕೂ ಈಗಿನ ಚಿಕಿತ್ಸೆಗೂ ಸಂಬಂಧವಿಲ್ಲ. ಮಾತ್ರೆಯಿಂದ ತೂಕ ಏರಿದೆ, ಕೈ ನಡುಗುತ್ತಿದೆ, ನಿದ್ದೆ ಜಾಸ್ತಿ ಎಂದಾದರೆ ನಿಮ್ಮ ಡಾಕ್ಟರ ಹತ್ತಿರವೇ ಹೇಳಿ. ಬದಲಿಸಲು ಬೇರೆ ಔಷಧಿಗಳಿವೆ. ನಡುರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.